ಯಜಮಾನರ ತಲೆಗೆ ಜಡೆ

ವಿಗ್ ಅಂಗಡಿಯ ಯಜಮಾನರನ್ನು ಒಪ್ಪಿಸುವುದು ತನ್ನಿಂದಾಗದ ಕೆಲಸ ಅಂತ ವೆಬ್‌ಸೈಟ್ ಮಾಡಿಕೊಡುವವಳಿಗೆ ಅನ್ನಿಸತೊಡಗಿತ್ತು. ಅವರೇನು ಜಗಳಗಂಟರಲ್ಲ. ಹೋದಾಗಲೆಲ್ಲ ಕುರ್ಚಿ ಎಳೆದು ಕೂರಿಸುತ್ತಿದ್ದರು, ಟೀ ತರಿಸುತ್ತಿದ್ದರು, ಹೇಳಿದ್ದಕ್ಕೆಲ್ಲ "ಹೌದಮ್ಮ, ಸರಿಯಮ್ಮ" ಅಂತ ಗೋಣು ಹಾಕುತ್ತಿದ್ದರು. ಕೊನೆಗೆ ಮಾತ್ರ "ಆದರೆ ಬೇಡ" ಅಂದುಬಿಡುತ್ತಿದ್ದರು.

ಅವರ ಹಳೆಯ ವೆಬ್‌ಸೈಟಿನಲ್ಲಿ ಇದ್ದದ್ದು ವಿಳಾಸ, ಫೋನ್ ನಂಬರು, ಸಾಲಾಗಿ ನಿಂತ ಪ್ಲಾಸ್ಟಿಕ್ ತಲೆಗಳ ಒಂದು ಫೋಟೋ, ಅದರ ಕೆಳಗೆ ಯಜಮಾನರ ಗಂಟುಮುಖ. ಅವರ ತಲೆ ಬಟಾಬಯಲು. ಅಂಗಡಿ ತುಂಬ ಕೂದಲಿದ್ದರೂ ತಾವು ಒಂದು ದಿನ ಹಾಕಿಕೊಂಡವರಲ್ಲ. ಯಾರಾದರೂ ಕೇಳಿದರೆ, "ನಾನು ಮಾರೋನು, ಹಾಕ್ಕೊಳ್ಳೋನಲ್ಲ" ಅಂತ ಮಾತು ಮುಗಿಸುತ್ತಿದ್ದರು.

ಅವಳ ಆಸೆ ದೊಡ್ಡದೇನಲ್ಲ. ಗಿರಾಕಿ ತನ್ನ ಫೋಟೋ ಹಾಕಬೇಕು, ಬೇಕಾದ ವಿಗ್ಗನ್ನು ಬೆರಳಲ್ಲಿ ಎಳೆದು ತಲೆ ಮೇಲೆ ಕೂರಿಸಿ ನೋಡಬೇಕು, ತಲೆ ತಿರುಗಿಸಿದರೆ ಕೂದಲೂ ತಿರುಗಬೇಕು. ಜೊತೆಗೆ, ಹೇಗೆ ತೊಳೆಯೋದು, ಹೇಗೆ ಬಾಚೋದು ಅಂತ ಪುಟ್ಟ ಪುಟ್ಟ ವಿಡಿಯೋ.

"ಮಲ್ಟಿಮೀಡಿಯಾ ಅಂತಾರೆ ಸರ್ ಇದಕ್ಕೆ."

"ಏನಾದ್ರೂ ಅನ್ನಲಿ. ನೋಡಮ್ಮ, ನಮ್ಮ ಗಿರಾಕಿಗಳು ಕಳ್ಳಹೆಜ್ಜೆ ಹಾಕ್ಕೊಂಡು ಬರೋರು. ಬಾಗಿಲವರೆಗೂ ಬಂದು, ಗುರುತಿನವರು ಕಂಡರೆ ಪಕ್ಕದ ಕನ್ನಡಕದಂಗಡಿಗೆ ನುಗ್ಗಿಬಿಡ್ತಾರೆ. ಅವನ ವ್ಯಾಪಾರ ನನ್ನಿಂದ್ಲೇ ನಡೀತಿರೋದು! ಅಂಥವರ ಮುಖ ಇಟ್ಕೊಂಡು ಆಟ ಆಡೋದಾ?"

"ಅದಕ್ಕೇ ಸರ್. ಮನೇಲಿ ಬಾಗಿಲು ಹಾಕ್ಕೊಂಡು ನೋಡಬಹುದು. ಫೋಟೋ ಅವರ ಫೋನಲ್ಲೇ ಇರುತ್ತೆ, ನಮ್ಮ ಹತ್ರ ಬರೋದೇ ಇಲ್ಲ."

"ಹೌದಮ್ಮ, ಸರಿಯಮ್ಮ," ಅಂದರು ಯಜಮಾನರು. "ಆದರೆ ಬೇಡ."

ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ಹಿಂದಿನ ಕೋಣೆಯಿಂದ ಯಜಮಾನರ ಹೆಂಡತಿ ಕೈಸನ್ನೆ ಮಾಡಿ ಕರೆದರು. ಬಲೆಗೆ ಒಂದೊಂದೇ ಎಳೆ ಕಟ್ಟಿ ವಿಗ್ ಹೆಣೆಯುವವರು ಅವರೇ.

"ಬಾಯಲ್ಲಿ ಹೇಳಿದ್ರೆ ಇವರು ಜಪ್ಪಯ್ಯ ಅಂದ್ರೂ ಒಪ್ಪಲ್ಲ ಕಣೇ. ಮಾಡಿ ತೋರಿಸು."

"ಮಾಡ್ತೀನಿ ಆಂಟಿ. ಯಾರ ಮುಖ ಹಾಕ್ಲಿ?"

ಆಂಟಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನರ ಕಡೆ ನೋಡಿದರು. ಅವಳೂ ನೋಡಿದಳು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

ಅಲ್ಲಿಗೇ ನಿಲ್ಲಲಿಲ್ಲ. ಯಾರು ಯಾವ ವಿಗ್ ಹಾಕಿಕೊಂಡರೂ ಯಜಮಾನರು ಹೇಳುತ್ತಿದ್ದದ್ದು ಒಂದೇ ಮಾತು: "ನಿಮಗೆ ಅಂತಲೇ ಬೆಳೆದ ಕೂದಲು!" ಆಂಟಿ ಆ ದನಿಯನ್ನು ಗುಟ್ಟಾಗಿ ಫೋನಿನಲ್ಲಿ ಹಿಡಿದು ಅವಳಿಗೆ ಕಳಿಸಿಕೊಟ್ಟರು.

ಮುಂದಿನ ವಾರ ಅವಳು ಟ್ಯಾಬ್ಲೆಟ್ ಹಿಡಿದು ಬಂದಾಗ ಅಂಗಡಿಯಲ್ಲಿ ಆಂಟಿಯ ತಮ್ಮ ಕೂತಿದ್ದ. ಇನ್ನೊಬ್ಬರ ಕಾಲೆಳೆಯುವುದರಲ್ಲಿ ಎತ್ತಿದ ಕೈ. ಯಜಮಾನರು ಕನ್ನಡಕ ಹುಡುಕುವಷ್ಟರಲ್ಲಿ ಟ್ಯಾಬ್ಲೆಟ್ ಅವನ ಕೈಸೇರಿತ್ತು. ಎಷ್ಟೋ ವಿಗ್ಗುಗಳಿದ್ದರೂ ಅವನು ಆರಿಸಿದ್ದು ಮೊಣಕಾಲುದ್ದದ ಜಡೆ. ಎಳೆದು ಯಜಮಾನರ ತಲೆ ಮೇಲೆ ಕೂರಿಸಿದ.

"ನಿಮಗೆ ಅಂತಲೇ ಬೆಳೆದ ಕೂದಲು!" ಅಂತು ಟ್ಯಾಬ್ಲೆಟ್ಟು.

ಯಜಮಾನರು ಬೆಚ್ಚಿಬಿದ್ದರು. "ಯಾರೋ ಅದು ಮಾತಾಡಿದ್ದು?"

"ನೀವೇ ಭಾವ. ತಲೆನೂ ನಿಮ್ಮದೇ. ಜಡೆ ಮಾತ್ರ ಅಂಗಡೀದು."

ಪರದೆಯ ಮೇಲೆ ಯಜಮಾನರ ಗಂಟುಮುಖ ಎಡಕ್ಕೆ ತಿರುಗಿತು, ಜಡೆ ಬಲಕ್ಕೆ ತೂಗಿತು. ಆಂಟಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು; ಭುಜ ಮಾತ್ರ ಕುಲುಕುತ್ತಿತ್ತು. ಯಜಮಾನರ ತಲೆ ಹಣೆಯಿಂದ ಹಿಂದಿನವರೆಗೂ ಕೆಂಪಾಯಿತು. ಕೆಲಸ ಕೈತಪ್ಪಿತು ಅಂದುಕೊಂಡ ಹುಡುಗಿ ಚೀಲಕ್ಕೆ ಕೈಹಾಕಿದಳು.

"ಕೊಡೋ ಇಲ್ಲಿ! ಅಳಿಸಿ ಹಾಕ್ತೀನಿ ಇದನ್ನ!" ಟ್ಯಾಬ್ಲೆಟ್ ಕಿತ್ತುಕೊಂಡ ಯಜಮಾನರು ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು.

ಹೊರಗೆ ಮೂವರೂ ಬಾಗಿಲಿಗೆ ಕಿವಿಗೊಟ್ಟರು. ಸ್ವಲ್ಪ ಹೊತ್ತಾಯಿತು.

ಒಳಗಿಂದ ಕೇಳಿಸಿತು: "ನಿಮಗೆ ಅಂತಲೇ ಬೆಳೆದ ಕೂದಲು!"

ಮತ್ತೆ, "ನಿಮಗೆ ಅಂತಲೇ ಬೆಳೆದ ಕೂದಲು!"

"ಅಕ್ಕಾ," ಅಂದ ತಮ್ಮ ಪಿಸುದನಿಯಲ್ಲಿ, "ಭಾವ ಅಳಿಸ್ತಿದಾರೆ ಅಂತೀಯಾ?"

ಆಂಟಿ ಅವನ ಬಾಯಿ ಮುಚ್ಚಿದರು. ಆಮೇಲೆ ದನಿ ನಿಂತಿತು. ಆದರೂ ಬಾಗಿಲು ತೆರೆಯಲಿಲ್ಲ. ತರಿಸಿದ ಟೀ ಆರಿಹೋಯಿತು.

ಕೊನೆಗೆ ಹೊರಬಂದವರು ಯಾರ ಮುಖವನ್ನೂ ನೋಡದೆ ಟ್ಯಾಬ್ಲೆಟ್ ಮೇಜಿನ ಮೇಲಿಟ್ಟರು.

"ಆ ನರೆ ಬೆರೆತ ಗಿಡ್ಡ ಕೂದಲಿದೆಯಲ್ಲ, ಅದರ ಬೈತಲೆ ಎಡಕ್ಕಿರಬೇಕು. ಬಲಕ್ಕೆ ಹಾಕಿದೀಯ."

"ಸರಿ ಮಾಡ್ತೀನಿ ಸರ್."

"ಮತ್ತೆ, ಆ ದನಿ ತೆಗೆದುಬಿಡು. ಬಾಗಿಲು ಹಾಕ್ಕೊಂಡು ನೋಡೋರಿಗೆ ಅದೊಂದು ಫಜೀತಿ. ಹೊರಗಿನವರಿಗೆಲ್ಲ ಕೇಳಿಸುತ್ತೆ." ಒಂದು ಕ್ಷಣ ತಡೆದು ಸೇರಿಸಿದರು, "ನಾನು ಗಿರಾಕಿಗಳ ಮಾತು ಹೇಳ್ತಿರೋದು."

ಮೂವರೂ ತುಟಿ ಕಚ್ಚಿಕೊಂಡು ತಲೆಯಾಡಿಸಿದರು.

ದನಿ ತೆಗೆದು, ಬೈತಲೆ ಎಡಕ್ಕೆ ತಂದು, ಅವಳು ಪುಟವನ್ನು ಎಲ್ಲರಿಗೂ ತೆರೆದಿಟ್ಟಳು. ಕೆಲವು ದಿನಗಳಲ್ಲೇ, ಪಕ್ಕದಂಗಡಿಯಲ್ಲಿ ಬೇಡದ ಕನ್ನಡಕಗಳನ್ನು ಕೊಂಡು ಕೊಂಡು ಸುಸ್ತಾಗಿದ್ದ ಮೇಷ್ಟ್ರೊಬ್ಬರು ನೇರ ಒಳಗೆ ಬಂದು, ಫೋನ್ ಚಾಚಿ, "ಇದು ಕೊಡಿ, ಮನೇಲೇ ನೋಡಿ ಆಗಿದೆ" ಅಂದರು. ಅಳುಕು ಇರಲಿಲ್ಲ, ಅತ್ತಿತ್ತ ನೋಟವೂ ಇರಲಿಲ್ಲ. ಯಜಮಾನರು ಅವರನ್ನು ಬೀದಿಯವರೆಗೂ ಹೋಗಿ ಕಳಿಸಿಬಂದರು.

ಅಲ್ಲಿಂದ ಶುರುವಾಯಿತು ಹುಡುಗಿಯ ಪಾಡು. ಗಾಳಿ ಬೀಸಿದರೆ ಕೂದಲು ಹಾರಬೇಕು, ಬೆಳಕು ಬಿದ್ದರೆ ಮಿನುಗಬೇಕು ಅಂತ ಯಜಮಾನರಿಂದ ಹೊತ್ತಲ್ಲದ ಹೊತ್ತಲ್ಲಿ ಫೋನು.

"ಈಜೋ ವಿಡಿಯೋ ಒಂದು ಮಾಡೋಣಮ್ಮ. ನೀರಲ್ಲಿ ಮುಳುಗಿದ್ರೂ ನಮ್ಮ ವಿಗ್ ಜಾರಲ್ಲ ಅಂತ ಜನ ಕಣ್ಣಾರೆ ನೋಡಬೇಕು."

"ಈಜೋರು ಯಾರು ಸರ್?"

"ನನ್ನ ಭಾವಮೈದ."

"ಅವರಿಗೆ ತಲೆ ತುಂಬ ಕೂದಲಿದೆಯಲ್ಲ ಸರ್?"

"ಬೋಳಿಸೋಣ," ಅಂದರು ಯಜಮಾನರು, ಬಲು ಮೆತ್ತಗೆ. "ಅವನಿಗೆ ಇನ್ನೂ ಹೇಳಿಲ್ಲ."