ಎಡಗೆನ್ನೆಯ ಬೊಟ್ಟು

ನಲವತ್ತೊಂದನೆಯ ಗೊಂಬೆಯ ಎಡಗೆನ್ನೆಗೂ ಕುಂಚದ ತುದಿ ಮುಟ್ಟಿಯಾಗಿತ್ತು. ಲತಾಮಣಿ ಕೈ ಹಿಂದಕ್ಕೆಳೆದುಕೊಂಡಳು. ಎರಡು ಕಣ್ಣು, ಒಂದು ಬಾಯಿ ಬರೆಯುವುದಷ್ಟೇ ಅವಳ ಕೆಲಸ. ಬೆಳಿಗ್ಗೆಯಿಂದ ಬರೆದ ಎಲ್ಲ ಹಳದಿ ಮುಖಗಳ ಮೇಲೂ ಸಾಸಿವೆಯಷ್ಟು ಕಪ್ಪು ದೃಷ್ಟಿಬೊಟ್ಟು ಕೂತಿತ್ತು.

ಚನ್ನಪಟ್ಟಣದ ಹೆದ್ದಾರಿ ಬದಿಯ ಈ ಶೆಡ್ಡಿಗೆ ಅವಳು ಸೇರಿ ಮೂರು ವಾರ. ಪುಟ್ಟ ಮಗಳು ಚೈತ್ರಾ ಸತ್ತು ಎಂಟು ತಿಂಗಳು. ಕೈಗೆ ಕೆಲಸ ಇದ್ದರೆ ಮನಸ್ಸು ಸುಮ್ಮನಿರುತ್ತದೆ ಎಂದು ಹೇಳಿ ಗಂಡ ಟಿವಿಯ ಕಡೆ ತಿರುಗಿದ್ದ.

ಮಗಳನ್ನು ಮದುವೆಯೊಂದಕ್ಕೆ ಹೊರಡಿಸಿದಾಗ ಅತ್ತೆ ಕಾಡಿಗೆ ಡಬ್ಬಿ ಹಿಡಿದು ಬಾಗಿಲಿಗೆ ಬಂದಿದ್ದರು. "ಕೆನ್ನೆಗೊಂದು ಬೊಟ್ಟಿಕ್ಕವ್ವ. ಜನದ ಕಣ್ಣು ಒಂದೇ ಸಮ ಇರಕಿಲ್ಲ." ಬಿಎಸ್ಸಿ ಓದಿದ ಸೊಸೆ ನಕ್ಕು, ಬೊಟ್ಟಿಡದೆಯೇ ಕರೆದೊಯ್ದಿದ್ದಳು. ವಾರದಲ್ಲಿ ಡೆಂಗಿ. ಸೊಳ್ಳೆಗೆ ಬೊಟ್ಟು ಕಾಣುವುದಿಲ್ಲ ಎಂಬುದು ಅವಳಿಗೆ ಇಂದಿಗೂ ಗೊತ್ತು. ಕೈಗೆ ಗೊತ್ತಿರಲಿಲ್ಲ.

ಆದರೂ ಇವತ್ತು ಬೊಟ್ಟಿಟ್ಟ ಪ್ರತಿ ಸಲ ಎದೆಯೊಳಗೆ ಏನೋ ತುಸು ಸಡಿಲವಾಗಿತ್ತು. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಹರಡುವ ಹಳದಿ, ಎಂಟು ತಿಂಗಳಲ್ಲಿ ಮೊದಲ ಸಲ ಹಳದಿಯಾಗಿ ಕಂಡಿತ್ತು. ಚೆಂದ ಎನ್ನಿಸಿತ್ತು. ಹಾಗೆನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು. ಎಲ್ಲೋ ಒಂದು ಮಗು ಈ ಗೊಂಬೆಯನ್ನು ಅವಚಿಕೊಂಡು ಮಲಗುತ್ತದೆ, ಬೆಳಿಗ್ಗೆ ಏಳುತ್ತದೆ.

"ಅಯ್ಯೋ ಲತಕ್ಕಾ, ಇದೇನ್ ಮಾಡ್ಬುಟ್ರಿ!" ಪಕ್ಕದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದ ಮುನವ್ವರಾ ಕಿಸಕ್ಕನೆ ನಕ್ಕಳು. "ಗೊಂಬೆಗೂ ದೃಷ್ಟಿ ಆಯ್ತದಾ? ಹಂಗಾದ್ರೆ ನಮ್ ಸಾಹೇಬ್ರಿಗೂ ಒಂದಿಕ್ಬುಡಿ."

ಮಾಲೀಕ ತಾಜ್ ಪಾಷಾ ಬೆನ್ನ ಹಿಂದೆಯೇ ನಿಂತಿದ್ದ. ಒಂದು ಗೊಂಬೆಯನ್ನೆತ್ತಿ ಬೆಳಕಿಗೆ ಹಿಡಿದ.

"ಏನಮ್ಮ ಇದು?"

"ಕೈ ತಪ್ತು."

"ನಲವತ್ತೊಂದು ಸಲಾನಾ?"

ಅವಳು ಕುಂಚ ತೊಳೆಯತೊಡಗಿದಳು.

"ಆರ್ಡರ್ ಕೊಟ್ಟಿರೋ ಜರ್ಮನಿಯೋರ್ಗೆ ಇದು ಡ್ಯಾಮೇಜ್ ಕಣಮ್ಮ. ಸಂಜೆ ಪ್ಯಾಕಿಂಗ್ ಐತೆ. ಒರೆಸ್ಬುಡಿ." ಬಣ್ಣ ಕರಗಿಸುವ ಥಿನ್ನರ್ ಬಾಟಲಿ, ಚಿಂದಿ ಬಟ್ಟೆ ಮುಂದಿಟ್ಟು ನಾಲ್ಕು ಹೆಜ್ಜೆ ಹೋದವನು ತಿರುಗಿದ. "ಬೊಟ್ಟು ಮಾತ್ರ. ಕಣ್ಣು ಚೆನ್ನಾಗ್ ಬಂದವೆ."

ಅವಳು ಚಿಂದಿ ನೆನೆಸಿದಳು. ಬೊಟ್ಟಿನ ಹತ್ತಿರ ಹೋದ ಬೆರಳು ಅಲ್ಲೇ ನಿಂತಿತು. ಆಮೇಲೆ ಮೇಲಕ್ಕೆ, ಕಣ್ಣಿನ ಕಡೆಗೆ ಸರಿಯಿತು. ಒಂದು ಗೊಂಬೆ. ಇನ್ನೊಂದು. ಮತ್ತೊಂದು.

"ಲತಕ್ಕಾ..." ಮುನವ್ವರಾ ಈ ಸಲ ನಗಲಿಲ್ಲ.

ಹೊರಗೆ ಲಾರಿಯೊಂದು ಹೋಯಿತು. ಹಲಗೆ ಅದುರಿತು. ಅದರ ಮೇಲೆ ಸಾಲಾಗಿ ನಡುಗಿದ ಹಳದಿ ಮುಖಗಳಲ್ಲಿ ಕಣ್ಣಿರಲಿಲ್ಲ, ಬಾಯಿ ಇರಲಿಲ್ಲ. ಎಡಗೆನ್ನೆಯ ಬೊಟ್ಟು ಮಾತ್ರ ಇಟ್ಟ ಜಾಗದಲ್ಲೇ ಇತ್ತು.