ಸತ್ಯವತಿಗೆಂದು ಇಟ್ಟ ಮಂಜೊಟ್ಟಿ

ಕೆಳಗೆ ಕಡಬದ ಬಸ್ಸು ಹಾರ್ನ್ ಹಾಕುತ್ತಲೇ ಇದೆ, ಸುಮ್ಮನಿರಬಾರದೇ, ನನ್ನ ಮುಷ್ಟಿ ಬೆವತಿದೆ, ಒಳಗೆ ಬೀಜ ಇದೆ, ಬಿಡುವುದಿಲ್ಲ, ಗೆಳತಿ ಸಾಕ್ಷಿಯ ಸತ್ಯವತಿ ತೂಗುಸೇತುವೆಯ ನಡುವೆ ನಿಂತಿದ್ದಾಳೆ, ಕಾಗದದ ಮೇಲೆ ಬರೆದ ಸೇತುವೆ, ಪಾತ್ರ ಕಟ್ಟಿಕೊಂಡು ದಾಳ ಉರುಳಿಸುವ ಆಟ ಅಷ್ಟೇ — ಅಲ್ಲ, ಅಷ್ಟೇ ಅಲ್ಲ, ಸತ್ಯವತಿ ಎಂದರೆ ಅವಳ ಅಜ್ಜಿ, ಆಟಿ ತಿಂಗಳ ಮಳೆಯಲ್ಲಿ ಪಂಜದ ಮನೆಯಲ್ಲಿ ನಮಗಿಬ್ಬರಿಗೂ ಗುಳಿಗಳಿಗೆ ಬೀಜ ಹಂಚಿ ಆಡುವ ಚೆನ್ನೆಮಣೆ ಕಲಿಸಿದವರು, ಹೋದ ವರ್ಷ ತೀರಿಕೊಂಡರು, ಸಾಕ್ಷಿ ತನ್ನ ಪಾತ್ರಕ್ಕೆ, ಮದ್ದು ಅರೆಯುವ ಆ ವೈದ್ಯೆಗೆ, ಅದೇ ಹೆಸರಿಟ್ಟಳು, ಅಜ್ಜಿಯ ಮಣೆಯನ್ನೂ ಬೀಜಗಳನ್ನೂ ಪುತ್ತೂರಿನ ಈ ಮಹಡಿಗೆ ತಂದಳು, ಈಗ ನಮ್ಮ ಲೆಕ್ಕವೆಲ್ಲ ಅವುಗಳಲ್ಲೇ, ಹುಣಸೆಬೀಜ ಎಂದರೆ ಬೋನಸ್, ನಮ್ಮ ಸರದಿಯಲ್ಲಿ ದೊಡ್ಡ ಕೆಲಸದ ಜತೆ ಚಕ್ಕನೆ ಮಾಡುವ ಪುಟ್ಟ ಕೆಲಸ, ಕೆಂಪು ಮಂಜೊಟ್ಟಿ ಕಾಳು ಎಂದರೆ ರಿಯಾಕ್ಷನ್, ಬೇರೆಯವರ ಸರದಿಯಲ್ಲಿ ಅಡ್ಡ ನುಗ್ಗುವುದು, ಗುರಾಣಿ ಎತ್ತುವುದು, ಒಬ್ಬರಿಗೆ ಇರುವುದು ಒಂದೇ, ಬಳಸಿ ಮಣೆಯ ಗುಳಿಗೆ ಹಾಕಿದರೆ ನಮ್ಮ ಸರದಿ ಮತ್ತೆ ಬರುವವರೆಗೆ ಇಲ್ಲ, ಮಂಜೊಟ್ಟಿಯ ಬದಲು ಹುಣಸೆಬೀಜ ನಡೆಯುವುದಿಲ್ಲ, ಆಡಿಸುವ ಕೌಶಲ್ ಭಾರಿ ಕಟ್ಟುನಿಟ್ಟು, ನಿಯಮ ನಿಯಮವೇ ಮಾರಾಯ್ತಿ ಎನ್ನುತ್ತಾನೆ, ಸಾಕ್ಷಿ ನನ್ನನ್ನು ಕೇಳಿಯೇ ಸೇತುವೆ ಹತ್ತಿದ್ದು, ಯಶ್ಮಿತಾ, ನೀನು ಅಡ್ಡ ಬರ್ತಿ ಅಲ್ವಾ, ಹಾಗಾದ್ರೆ ನಾನು ಮೊದಲು ಹೋಗುದು, ಹೋಗು, ಮಂಜೊಟ್ಟಿ ನಿನಗೇ ಇಟ್ಟದ್ದು ಎಂದೆ, ಎಷ್ಟು ಸಲೀಸಾಗಿ ಎಂದೆ, ನಮ್ಮ ಜತೆ ಆಡುವ ಹಾರಿಸ್ ಪಕ್ಕದಲ್ಲಿ ಕಾಲು ಕುಣಿಸುತ್ತಿದ್ದಾನೆ, ಬೆಂಚೆಲ್ಲ ಅಲುಗುತ್ತಿದೆ, ಆಗಲೇ ಒಂದು ಬಾಣ ಬಂದಿತ್ತು, ನನ್ನ ಪಾತ್ರದ ಕಡೆಗೆ, ತಾಗಿದ್ದರೂ ಒಂದು ಗೀರಷ್ಟೇ, ಗುರಾಣಿ ಎತ್ತಿದೆ ಎಂದೆನಲ್ಲ, ಸೊಳ್ಳೆ ಓಡಿಸಿದ ಹಾಗೆ, ಕೈ ತಾನಾಗಿ ಹೋಯಿತು, ಕೆಂಪಾದದ್ದೇನೋ ಮಣೆಯ ಗುಳಿಗೆ — ಇಲ್ಲ, ಮುಷ್ಟಿಯಲ್ಲೇ ಇದೆ, ನುಣ್ಣಗೆ ತಾಗುತ್ತಿದೆ, ಇದೆ.

ಕೌಶಲ್ ದಾಳ ಉರುಳಿಸುತ್ತಾನೆ, ರಾಕ್ಷಸನ ಗದೆ ಸತ್ಯವತಿಯ ಮೇಲೆ, ಇದು ಬಿದ್ದರೆ ಅವಳು ಉಳಿಯುವುದಿಲ್ಲ, ಯಾರಾದ್ರೂ ಅಡ್ಡ ಹೋಗುದುಂಟಾ ಎಂದು ಕೇಳುತ್ತಾನೆ, ನಾನು, ನಾನು, ಸಾಕ್ಷಿ ನನ್ನತ್ತ ತಿರುಗಿ ನಗುತ್ತಾಳೆ, ಅಜ್ಜಿಯದೇ ನಗು, ಮುಷ್ಟಿ ಬಿಚ್ಚಿದೆ — ಹುಣಸೆಬೀಜ, ಬೆವರಿಗೆ ಹೊಳೆಯುವ ಹುಣಸೆಬೀಜ, ನನ್ನ ಸರದಿಯಲ್ಲಿ ಬಳಸದೆ ಉಳಿದದ್ದು, ಈಗ ಯಾತಕ್ಕೂ ಆಗದ್ದು, ಕೌಶಲ್ ತಲೆಯಾಡಿಸುತ್ತಾನೆ, ಸತ್ಯವತಿಯ ಗೊಂಬೆಯನ್ನು ಅಡ್ಡ ಮಲಗಿಸುತ್ತಾನೆ, ಹಾರಿಸನ ಕಾಲು ನಿಂತಿದೆ, ಬಸ್ಸು ಹೊರಟುಹೋಗಿದೆ, ಸಾಕ್ಷಿ ನನ್ನ ಮುಖ ನೋಡುತ್ತಿಲ್ಲ, ಮಣೆ ನೋಡುತ್ತಿದ್ದಾಳೆ, ಅದು ನನಗೆ ಇಟ್ಟದ್ದಲ್ವಾ ಎಂದಳು, ಮೆಲ್ಲಗೆ, ಹೌದು, ನಿನಗೇ ಇಟ್ಟದ್ದು, ಗುಳಿಯಲ್ಲಿ ಮಂಜೊಟ್ಟಿ, ಅಜ್ಜಿ ನನ್ನ ಅಂಗೈಗೆ ಸುರಿಯುತ್ತಿದ್ದ ಮಂಜೊಟ್ಟಿ, ನನಗೆ ಒಂದು ಗೀರು ತಪ್ಪಿಸಿದ ಮಂಜೊಟ್ಟಿ, ಗುಳಿಯಲ್ಲಿ, ಒಂದೇ, ಕೆಂಪು