ಬಿಳಿ ಹುಂಜ ಎಲ್ಲವನ್ನೂ ಮುಂದಿಟ್ಟಾಗ

ಹುಂಜ ಕಣ್ಣು ಮಿಟುಕಿಸಿತೇ, ಇಲ್ಲ, ಫೋನಿನ ಮೇಲೆ ನೊಣ ಕೂತಿತ್ತು ಅಷ್ಟೆ, ನೊಣ ಹಾರಿತು, ಹುಂಜ ಹಾಗೇ ಇದೆ, ಬಿಳಿ ಮೈ, ಕೆಂಪು ಜುಟ್ಟು, ಮುಂದೆ ಅದರ ಪಣದ ಬಿಲ್ಲೆಗಳೆಲ್ಲ ಒಂದೇ ಗುಡ್ಡೆ, ಒಂದನ್ನೂ ಹಿಂದಿಟ್ಟುಕೊಂಡಿಲ್ಲ — ಫೋನಿನೊಳಗಿನ ಮೇಜಿನ ನಡುವೆ ಇನ್ನೂ ಒಂದೆಲೆಯೂ ಬಿದ್ದಿಲ್ಲ, ಉಳಿದ ನಾಲ್ವರೂ ಎಲೆ ಮಗುಚಿ ಕೈಬಿಟ್ಟಿದ್ದಾರೆ, ಈಗ ಲಿತೊ ಹೇಳಬೇಕು, ಬರುತ್ತೇನೆ ಅಥವಾ ಬಿಡುತ್ತೇನೆ, ನಲವತ್ತು ಸೆಕೆಂಡಿನೊಳಗೆ, ಹೇಳದಿದ್ದರೆ ಬಿಟ್ಟಂತೆ. ಅವನ ಕೈಯಲ್ಲಿ ಎರಡು ರಾಜ, ಒಂದು ಆಟೀನು, ಒಂದು ಕಳಾವರ, ಇಂಥ ಕೈಗೆ ತೊಟ್ಟಿಲ ಕೂಸೂ ಬರುತ್ತೇನೆ ಅನ್ನುತ್ತದೆ, ಯೋಚಿಸುವುದೇನಿದೆ, ಯೋಚಿಸುವುದು ಇಷ್ಟೇ, ಎದುರಿಗೆ ಕೂತವನು ಸತ್ತು ಇವತ್ತಿಗೆ ನಲವತ್ತು ದಿನ, ಸತ್ತವನು ಮನೆ ಬಿಟ್ಟು ಹೊರಡಬೇಕಾದ ದಿನ. ಆ ಹುಂಜ ಆಟದಲ್ಲಿ ಲಿತೊನ ಅಣ್ಣನ ಗುರುತು, ಕುಯಾ ಫೆರ್ಮಿನ್ ಹದಿನಾಲ್ಕು ವರ್ಷ ಸಾಕಿದ, ಒಂದು ಕಾಳಗವನ್ನೂ ಗೆಲ್ಲದ, ಹೆದರಿ ಓಡಿಯೇ ದೀರ್ಘಾಯುಷಿಯಾದ ಹುಂಜ. ಮೂರು ವಾರದಿಂದ ದಿನಾ ಮಧ್ಯಾಹ್ನ ಮೂರಕ್ಕೆ ಬಂದು ಕೂರುತ್ತದೆ, ಬಂದ ಕೈಯನ್ನೆಲ್ಲ ಬಿಡುತ್ತದೆ, ನಾಲ್ಕಕ್ಕೆ ಎದ್ದು ಹೋಗುತ್ತದೆ. ಮೊದಲ ದಿನ ಮೇಜಿನವರೆಲ್ಲ ಶಿಲುಬೆಯ ಚಿತ್ರ ಒತ್ತಿ ಕಳಿಸಿದರು, ಆಟ ನಡೆಸುವ ಮಾಂಗ್ ಸೆಬ್ಯೊ ಮಾತ್ರ ಬರೆದ, ನೋಡ್ರಪ್ಪಾ, ಸತ್ಮೇಲೂ ಇವನಿಗೆ ಮಾಡೋಕೆ ಕೆಲ್ಸ ಇಲ್ಲ, ಕೂತ್ಕೊಳ್ಲಿ ಬಿಡಿ, ಬಿಲ್ಲೆ ಮುಗಿದ ದಿನ ಹೆಸರು ಅಳಿಸಿಬಿಡ್ತೀನಿ, ಆಮೇಲೆ ವಾಪಸ್ ಬರೋ ಹಂಗಿಲ್ಲ, ನಮ್ಮಲ್ಲೂ ಒಂದು ಸಮಾಧಿ ಬೇಡ್ವಾ. ಆ ದಿನ ಇವತ್ತೇ ಆಗಬಹುದು, ಲಿತೊ ಬರುತ್ತೇನೆ ಅಂದು ಗೆದ್ದರೆ.

ಮೂವತ್ತೊಂದು, ಮೂವತ್ತು, ಒಳಗಿಂದ ಅಂಟಕ್ಕಿ ಬೇಯುವ ವಾಸನೆ, ಬಾಳೆಲೆ ಬಾಡುವ ವಾಸನೆ, ಅತ್ತಿಗೆ ಮೆಲಿತಾ ಯಾರಿಗೋ ಗದರುತ್ತಿದ್ದಾಳೆ, ಅದಕ್ಕೆ ಕೈ ಹಾಕ್ಬೇಡ್ವೇ, ಮೊದಲು ಅವರ ತಟ್ಟೆ, ಆಮೇಲೆ ನಮ್ದು. ಹುಂಜವನ್ನು ಆಡಿಸುವವಳು ಅವಳೇ ಇರಬೇಕು ಎಂದು ಹಿಂದಿನ ವಾರ ಕೇಳಿಯೂ ಆಗಿತ್ತು, ಅತ್ತಿಗೆ, ಕುಯಾ ಆಟ ನೀವು ಆಡ್ತಿದೀರಾ, ನಂಗ್ಯಾಕಪ್ಪ ಆ ದರಿದ್ರ ಆಟ, ಅವರ ಫೋನನ್ನ ನಾನೇ ಅಂಗಿ ಜೇಬಿಗೆ ಹಾಕಿ ಕಳಿಸಿದೀನಿ, ಅಲ್ಲಾದ್ರೂ ಬೇಜಾರಾಗ್ದಿರ್ಲಿ ಅಂತ, ಬಟ್ಟೆ ಹಂಚಾಯ್ತು, ಮೂಲೆ ಒಡೆದಿರೋ ಅವರ ಟ್ಯಾಬ್ ನಿಮ್ಮ ಇನಾಯ್‌ಗೆ ಕೊಟ್ಟೆ, ಮಗನ ಫೋಟೋ ನೋಡ್ಕೊಳ್ಲಿ ಪಾಪ ಅಂತ, ಇನ್ನೇನಿದೆ ನನ್ನತ್ರ. ಹಾಗಾದರೆ ಅವನೇ. ಅವನೇ ಎಂದರೆ ತಪ್ಪು ಲಿತೊನದೇ, ಹೆಣ ಕಾಯುವ ಮನೆಯಿಂದ ಯಾರೂ ನೇರ ತಮ್ಮ ಮನೆಗೆ ಬರುವುದಿಲ್ಲ, ಕಾಫಿ ಅಂಗಡಿಯಲ್ಲೋ ಬಸ್ಸಿನ ನಿಲ್ದಾಣದಲ್ಲೋ ಎರಡು ನಿಮಿಷ ನಿಲ್ಲಬೇಕು, ಬೆನ್ನು ಹತ್ತಿದವನು ಅಲ್ಲೇ ದಾರಿ ತಪ್ಪಲಿ ಎಂದು, ಇದು ಲಿಪಾ ಊರಿನ ನಾಯಿಗಳಿಗೂ ಗೊತ್ತು, ಲಿತೊ ನಿಲ್ಲಲಿಲ್ಲ, ಅವತ್ತು ಮೂರಕ್ಕೆ ಆಟವಿತ್ತು. ಬಾಗಿಲಲ್ಲೇ ತಾಯಿ ಕೇಳಿದಳು, ಎಲ್ಲಾದ್ರೂ ನಿಂತು ಬಂದ್ಯೇನೋ, ಇಲ್ಲ ಇನಾಯ್, ಅಯ್ಯೋ ಮಂಕೇ, ಅವನ್ನೂ ಕರ್ಕೊಂಡೇ ಬಂದ್ಯಲ್ಲೋ. ಬೈಯುತ್ತಾಳೆ ಅಂದುಕೊಂಡ, ಬೈಯಲಿಲ್ಲ, ಮರುದಿನ ಬೆಳಿಗ್ಗೆ ನೋಡಿದರೆ, ಇಬ್ಬರೇ ಇರುವ ಮನೆಯಲ್ಲಿ, ಮೇಜಿನ ಮೇಲೆ ಮೂರು ಲೋಟ ಕಾಫಿ.

ಇಪ್ಪತ್ತೆರಡು. ಮುಖ ನೋಡ್ಬೇಡ ಪೆದ್ದ, ಮುಖ ಎಲ್ಲಾರ್ದೂ ಸುಳ್ಳು ಹೇಳುತ್ತೆ, ಕೈ ನೋಡು, ಕುಯಾ ಹೇಳಿಕೊಟ್ಟಿದ್ದು, ಅಜ್ಜಿಯ ಶವ ಕಾಯುವ ರಾತ್ರಿ ಪಕ್ಕದಲ್ಲೇ ಹಾಕಿದ್ದ ಇಸ್ಪೀಟಿನ ಮೇಜಿನಲ್ಲಿ, ಆಗ ಲಿತೊಗೆ ಒಂಬತ್ತು, ಅವನು ಕೈ ನೋಡಿದ, ಕುಯಾನದೇ ಕೈ — ಏನೂ ಇಲ್ಲದಾಗ ಕುಯಾ ಹೆಬ್ಬೆರಳನ್ನು ಎಲೆಯ ಮೇಲೆ ಒತ್ತುತ್ತಿದ್ದ, ಉಗುರು ಬೆಳ್ಳಗಾಗುವಷ್ಟು. ಮೂವತ್ತು ವರ್ಷ ಲಿತೊ ಆ ಉಗುರನ್ನು ನೋಡಿಕೊಂಡೇ ಗೆದ್ದ, ಒಂದು ದಿನವೂ ಬಾಯಿ ಬಿಡಲಿಲ್ಲ, ನೀನು ಹುಟ್ಟು ಅದೃಷ್ಟವಂತ ಕಣೋ ಎಂದು ಕುಯಾ ಬೆನ್ನು ತಟ್ಟಿದಾಗಲೂ. ಫೋನಿಗೆ ಬಂದ ಮೇಲೆ ಉಗುರೂ ಇಲ್ಲ, ಅದೃಷ್ಟವೂ ಇಲ್ಲ. ಶವಪೆಟ್ಟಿಗೆಯಲ್ಲೂ ಜಪಮಣಿ ಸುತ್ತಿದ ಅದೇ ಕೈ, ಹೆಬ್ಬೆರಳು ಮೇಲೆ, ಉಗುರು ಬೆಳ್ಳಗೆ, ಏನೂ ಇಲ್ಲ ನಿನ್ನ ಕೈಯಲ್ಲಿ ಕುಯಾ, ಎಂದು ಅನ್ನಿಸಿತ್ತು, ಅನ್ನಿಸಬಾರದಿತ್ತು. ಮುಖದ ಮೇಲಿನ ಗಾಜಿಗೆ ಕಣ್ಣೀರು ಬೀಳಬಾರದು, ಬಿದ್ದರೆ ಹೋಗುವವನ ಕಾಲು ಭಾರ, ಅದಕ್ಕೇ ತಾಯಿ ಅಳಲಿಲ್ಲ, ಬಾಗಿ ಗಾಜಿನ ಮೇಲೆ ಹೆಬ್ಬೆರಳು ಒತ್ತಿ ನಿಂತಳು, ಎಷ್ಟು ಹೊತ್ತು, ಅದೂ ಬೆಳ್ಳಗೆ — ಎಲ್ಲಿಗೆ ಹೋಯಿತು ಯೋಚನೆ, ರಾಜ, ಎರಡು ರಾಜ, ಎಕ್ಕದ ಜೋಡಿಗೆ ಮಾತ್ರ ಹೆದರಬೇಕು, ಕುಯಾನಿಗೆ ಎಕ್ಕ ಎಲ್ಲಿಂದ ಬರಬೇಕು, ಬದುಕಿದ್ದಾಗ ಬಂದಿದ್ದಿಲ್ಲ.

ಹದಿನೈದು. ಫೋನಿನಿಂದ ಟಿಕ್, ಟಿಕ್, ಇನ್ನು ಕೊನೆಯವರೆಗೂ ಈ ಸದ್ದು, ಬಿಟ್ಟುಬಿಡು ಲಿತೊ, ಬಿಟ್ಟರೆ ಉಳಿಯುತ್ತಾನೆ, ನಾಳೆ ಮೂರಕ್ಕೆ ಮತ್ತೆ ಬರುತ್ತಾನೆ, ಆದರೆ ನಲವತ್ತರ ಮೇಲೆ ಉಳಿದವನು ಎಲ್ಲಿ ಉಳಿಯುತ್ತಾನೆ, ಯಾವ ಮನೆಯಲ್ಲಿ, ಟಿಕ್, ಇದೇನು, ಟಿಕ್ ಎಂದಾಗಲೆಲ್ಲ ಇನ್ನೊಂದು ಟಿಕ್, ಅರ್ಧ ಸೆಕೆಂಡು ಹಿಂದೆ, ಅವನ ಬೆನ್ನ ಹಿಂದೆ, ಕುಯಾ, ಕುಯಾ, ನಿಲ್ಲದೆ ಬಂದದ್ದು ತಪ್ಪಾಯಿತು — ಬೆನ್ನ ಹಿಂದೆ ಅಲ್ಲ, ಹಲಗೆ ಗೋಡೆಯ ಆಚೆ, ತಾಯಿಯ ಕೋಣೆ. ಫ್ಯಾನಿನ ಗಾಳಿಗೆ ಬಾಗಿಲ ಪರದೆ ಎದ್ದಿತು. ಮಂಚದ ತುದಿಯಲ್ಲಿ ತಾಯಿ, ತೊಡೆಯ ಮೇಲೆ ಮೂಲೆ ಒಡೆದ ಟ್ಯಾಬ್, ಅದರಲ್ಲಿ ಹುಂಜ. ಅವಳಿಗೆ ಎಕ್ಕವೂ ಗೊತ್ತಿಲ್ಲ ರಾಣಿಯೂ ಗೊತ್ತಿಲ್ಲ, ಮುಟ್ಟಿದರೆ ಹುಂಜ ಬೆಳಗುತ್ತದೆ, ಒತ್ತಿ ಹಿಡಿದರೆ ಅದರ ಮುಂದಿನದೆಲ್ಲ ಮೇಜಿಗೆ ಹೋಗುತ್ತದೆ ಎಂಬುದಷ್ಟೇ ಗೊತ್ತು. ಇವತ್ತು ಬೆಳಿಗ್ಗೆ ಅಕ್ಕಿ ತೊಳೆಯುತ್ತ ಅಂದಿದ್ದಳು, ಹೊರಡೋನಿಗೆ ಅರ್ಧ ತಟ್ಟೆ ಬಡಿಸ್ಬಾರ್ದು ಲಿತೊ, ಇರೋದನ್ನೆಲ್ಲಾ ಹಾಕ್ಬೇಕು. ಎಲ್ಲವನ್ನೂ ಹಾಕಿದ್ದಾಳೆ. ಪರದೆ ಇಳಿಯಿತು. ಬಡಿಸಿ ಕಳಿಸುತ್ತಿದ್ದಾಳೋ, ಇನ್ನೊಂದು ತುತ್ತು ತಿನ್ನು ಎಂದು ಕೂರಿಸಿಕೊಳ್ಳುತ್ತಿದ್ದಾಳೋ, ಕೇಳಬಹುದು, ಇನಾಯ್ ಎಂದರೆ ಸಾಕು, ಆರು ಹೆಜ್ಜೆ, ಅಡುಗೆಮನೆಯಿಂದ ಮೆಲಿತಾ, ಲಿತೋ, ಇನಾಯ್‌ನ ಕರಿಯೋ, ನಿಮ್ಮ ಕುಯಾಗೆ ಬಡಿಸ್ತಿದೀನಿ, ಆರು, ಐದು, ಪರದೆ ಮತ್ತೆ ಎದ್ದಿತು, ಅವಳ ಹೆಬ್ಬೆರಳು ಗಾಜಿನ ಮೇಲೆ, ಹುಂಜದ ಮೇಲೆ, ಒತ್ತಿ ಹಿಡಿದಿದ್ದಾಳೆ, ಉಗುರು ಬೆಳ್ಳಗೆ, ಏನೂ ಇಲ್ಲ ಅವಳ ಕೈಯಲ್ಲಿ, ಅವನ ಕೈಯಲ್ಲಿ ಎರಡು ರಾಜ, ಗೆಲ್ಲುತ್ತಾನೆ, ಗೆದ್ದೇ ಗೆಲ್ಲುತ್ತಾನೆ, ಮೂರು, ಅವನು ತನ್ನ ಫೋನು ನೋಡಿದ, ಫೋನಿನ ಅಂಚಿನ ಮೇಲೆ ಅವನ ಹೆಬ್ಬೆರಳು, ಯಾವಾಗಿನಿಂದ ಒತ್ತಿಕೊಂಡಿದೆಯೋ, ಉಗುರು ಬೆಳ್ಳಗೆ, ಬೆಳ್ಳಗೆ